ನೌಕೆಯ ಹಿಂದಿನ ಮೊಳೆ

ಆ ಹುಡುಗರಿಬ್ಬರ ಮೊದಲ ನೌಕೆ ರಟ್ಟಿನದು. ಫ್ರಿಜ್ಜು ಬಂದ ಪೆಟ್ಟಿಗೆಗೆ ಎರಡು ಕಿಟಕಿ ಕೊರೆದು, ಡಬ್ಬಿಗಳ ಮುಚ್ಚಳಗಳನ್ನು ಗುಂಡಿಗಳೆಂದು ಅಂಟಿಸಿ, ಒಳಗೆ ಮಂಡಿ ಮಡಚಿಕೊಂಡು ಕೂತರೆ ಚಂದ್ರಲೋಕ ಎಷ್ಟು ಹೊತ್ತಿನ ದಾರಿ! ನೌಕೆಗೆ ಕ್ಯಾಪ್ಟನ್ ಒಬ್ಬನೇ ಇರಬೇಕು ಎಂಬುದು ಕ್ಯಾಪ್ಟನ್ ತಾನೇ ಮಾಡಿದ ಕಾನೂನು. ಒಂದು ದಿನ ಇನ್ನೊಬ್ಬ ಹುಡುಗ, "ಇವತ್ತು ನಾನಾಗ್ತೀನಿ ಕಣೋ" ಎಂದ. ಕ್ಯಾಪ್ಟನ್ ಇವನ ಕತ್ತು ಹಿಡಿದು ಮುಖವನ್ನು ಸಿಮೆಂಟಿನ ನೆಲಕ್ಕೆ ಒಂದೇ ಒಂದು ಸಲ ಕುಟ್ಟಿದ. ಮೇಲಿನ ಸಾಲಿನ ಹಲ್ಲೊಂದು ಅರ್ಧಕ್ಕೆ ಮುರಿಯಿತು. ಆಮೇಲೆ ಅದೇ ಕ್ಯಾಪ್ಟನ್ ನೆಲವೆಲ್ಲ ತಡಕಾಡಿ ಆ ಚೂರನ್ನು ಹುಡುಕಿ, ತೊಳೆದು, ಇವನ ಅಂಗೈಯಲ್ಲಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಆ ಅಳು ನೋಡಿ ಇವನು ತನ್ನ ನೋವನ್ನೇ ಮರೆತು ಅವನನ್ನು ಸಮಾಧಾನ ಮಾಡಿದ.

ಮರೆವು ದೇವರು ಕೊಟ್ಟ ವರ ಎನ್ನುತ್ತಾರೆ. ಇರಬಹುದು. ಆದರೆ ಯಾವುದನ್ನು ಮರೆಯಬೇಕು, ಯಾವುದನ್ನು ಮರೆಯಬಾರದು ಎನ್ನುವುದನ್ನು ಅವನು ನಮ್ಮ ಬುದ್ಧಿಗೇ ಬಿಟ್ಟುಕೊಟ್ಟ. ಎಡವಟ್ಟಾಗುವುದು ಅಲ್ಲೇ.

ಹಲ್ಲು ಮುರಿಸಿಕೊಂಡವನು ದೊಡ್ಡವನಾಗಿ ಬೀಗ ರಿಪೇರಿಯ ಅಂಗಡಿ ಇಟ್ಟ. ಬೀದಿಯವರಿಗೆಲ್ಲ ಬೀಗದಣ್ಣನಾದ. ಕ್ಯಾಪ್ಟನ್ ಲೇತ್ ಮೆಷಿನ್ನಿನ ಕೆಲಸ ಕಲಿತ. ಕಬ್ಬಿಣವನ್ನು ಕೂದಲೆಳೆಯಷ್ಟು ಲೆಕ್ಕದಲ್ಲಿ ಕೊರೆಯಬಲ್ಲ ಕೈ ಅವನದು. ಆ ಕೈಯನ್ನು ಮೆಚ್ಚಿ ಬೀಗದಣ್ಣ ತಾನೇ ಮುಂದೆ ನಿಂತು ತಂಗಿಯನ್ನು ಅವನಿಗೆ ಕೊಟ್ಟು ಮದುವೆ ಮಾಡಿದ. ಐದನೆಯ ವರ್ಷ ಕ್ಯಾಪ್ಟನ್ ಅವಳ ಎಡಗೈಯನ್ನು ಬಾಗಿಲ ಸಂದಿಗಿಟ್ಟು ಬಾಗಿಲು ತಳ್ಳಿದ. ಮಣಿಕಟ್ಟು ಎರಡು ಕಡೆ ಮುರಿಯಿತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಒಂದೇ ಕೈಯಲ್ಲಿ ಬಟ್ಟೆಯ ಗಂಟು ಕಟ್ಟಿಕೊಂಡು ಅಣ್ಣನ ಅಂಗಡಿಗೆ ಬಂದು ನಿಂತಳು. "ಈ ಸಲ ಅವನು ಅತ್ತರೆ ನೀನು ಕರಗಬೇಡ ಅಣ್ಣ. ನಾನಂತೂ ಕರಗಲ್ಲ" ಎಂದಳು.

ಬೀಗದಣ್ಣ ಕರಗಲಿಲ್ಲ. ಮೂರನೆಯ ಮಹಡಿಯಲ್ಲಿ ಅವಳಿಗೊಂದು ಬಾಡಿಗೆ ಮನೆ ಹುಡುಕಿದ. ಮಾಲೀಕರ ಕೈಕಾಲು ಹಿಡಿದು ಉಕ್ಕಿನ ಬಾಗಿಲು ಕೂರಿಸಿದ. ಅದಕ್ಕೆ ತನ್ನ ಜೀವಮಾನದಲ್ಲೇ ಮುಟ್ಟಿದ ಅತ್ಯುತ್ತಮ ಬೀಗ ಹಾಕಿದ. ಒಳಗಿನಿಂದ ಬೀಗದಕೈ ಹಾಕಿ ಅರ್ಧ ತಿರುಗಿಸಿ ಬಿಟ್ಟರೆ ಮುಗಿಯಿತು, ಹೊರಗಿನವನ ಬಳಿ ಸಾಕ್ಷಾತ್ ಅದರದೇ ಜೋಡಿ ಇದ್ದರೂ ಒಳಗೆ ತೂರುವುದಿಲ್ಲ. "ಮನೆಗೆ ಬಂದ ತಕ್ಷಣ ಕೀ ಹಾಕಿ ಅಲ್ಲೇ ಬಿಡಬೇಕು, ತಿಳೀತಾ?" ಎಂದು ತಂಗಿಗೆ ಹತ್ತು ಸಲ ಹೇಳಿದ. ಬಾಗಿಲಿಗೆ ಒತ್ತುಕೊಡಲು ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಹಿತ್ತಾಳೆ ಬೀಗವೊಂದನ್ನೂ ಕೊಟ್ಟ. ಕೂಸಿನ ತಲೆಯಷ್ಟು ದಪ್ಪದ್ದು, ಎತ್ತಿದರೆ ಕೈ ಜಗ್ಗುವಂಥದ್ದು. ಬಾಗಿಲ ಬೀಗಕ್ಕೆ ಬೀಗದಕೈಗಳು ಮೂರು. ಎರಡು ತಂಗಿಗೆ. ಒಂದು ಅಂಗಡಿಯ ಗೋಡೆಯ ಹಲಗೆಯಲ್ಲಿ, ಕೊನೆಯ ಮೊಳೆಗೆ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕತೆ ಇರುತ್ತಿರಲಿಲ್ಲ.

ಬೀಗದಣ್ಣನಿಗೆ ಒಂದು ಚಟವಿತ್ತು, ಅಭಿಪ್ರಾಯ ಬರೆಯುವುದು. ಇಂಟರ್ನೆಟ್ಟಿನಲ್ಲಿ ತನ್ನದೊಂದು ಪುಟ ಮಾಡಿಕೊಂಡು ವಾರಕ್ಕೊಂದು ಬರಹ ಹಾಕುತ್ತಿದ್ದ. ಯಾವ ಫೋನಿನ ಬೆರಳಚ್ಚು ಬೀಗ ಬರೀ ತೋರಿಕೆ, ಆಯುಷ್ಯ ಮುಗಿದ ಉಪಗ್ರಹ ಯಾರ ತಲೆ ಮೇಲೆ ಬೀಳಬಹುದು, ಚಿತ್ರಕತೆಯ ಪುಸ್ತಕಗಳಲ್ಲಿ ಹಾರುವ ವೀರರು ಮನೆಗೆ ಬೀಗ ಯಾಕೆ ಹಾಕುವುದಿಲ್ಲ, ಎಲ್ಲದರ ಮೇಲೂ ಅವನಿಗೊಂದು ಮಾತಿತ್ತು. ಓದುವವರು ಆರುನೂರು ಜನ; ಜಗಳಕ್ಕೆ ಬರುವವರು ಅದರಲ್ಲಿ ಐನೂರು. ತಂಗಿಯ ಬಾಗಿಲಿಗೆ ಹಾಕಿದ ಬೀಗದ ಬಗ್ಗೆಯೂ, ಯಾರ ಮನೆಯೆಂದು ಹೇಳದೆ, ಅರ್ಧ ತಿರುವಿನ ಗುಟ್ಟನ್ನೂ ಸೇರಿಸಿ, ಉದ್ದಕ್ಕೆ ಹೊಗಳಿ ಬರೆದಿದ್ದ. "ಇದನ್ನು ನಾನೇ ತೆಗೆಯಲಾರೆ" ಎಂದು ಮುಗಿಸಿದ್ದ. ಅದರ ಕೆಳಗೆ ಗಾರೆ ಕೆಲಸದವನೊಬ್ಬ ಬರೆದ: "ನಾನು ಗೋಡೆ ಕಟ್ಟೋನು ಸ್ವಾಮಿ. ನಿಮ್ಮ ಬಾಗಿಲು ಯಾಕೆ ಮುಟ್ಲಿ? ಪಕ್ಕದ ಗೋಡೆ ಟೊಳ್ಳು ಇಟ್ಟಿಗೇದು. ಎಂಟು ಏಟು ಸಾಕು." ಬೀಗದಣ್ಣ ಉತ್ತರಿಸಿದ: "ಹಾಗೆ ಬರೋ ಕಳ್ಳ ಜೊತೆಗೆ ಸಿಮೆಂಟೂ ತರಲಿ. ಹೋಗುವಾಗ ಮುಚ್ಚಿ ಹೋಗಲಿ." ಓದುಗರು ಬಿದ್ದು ಬಿದ್ದು ನಕ್ಕರು.

ಅದಾಗಿ ಕೆಲವು ವಾರಕ್ಕೆ ಅವನು ನೌಕೆಯೊಂದನ್ನು ಮಾಡಿ ಮುಗಿಸಿದ. ಹಳೆ ಬೀಗಗಳ ಚಿಲಕ, ಸ್ಪ್ರಿಂಗು, ತಿರುಪುಗಳನ್ನೇ ಜೋಡಿಸಿ ಮಾಡಿದ ಮೊಳದುದ್ದದ ನೌಕೆ. ರಟ್ಟಿನ ನೌಕೆಗಿದ್ದಂತೆ ಇದಕ್ಕೂ ಎರಡೇ ಕಿಟಕಿ. ಅಂಗಡಿಯ ಮೇಜಿನ ಮೇಲಿಟ್ಟು, ಬೆಳಕು ನೋಡಿ, ಪಟ ತೆಗೆದು ಪುಟಕ್ಕೆ ಹಾಕಿದ. ಅದರ ಕೆಳಗೆ ಎಷ್ಟೋ ವರ್ಷದ ಮೇಲೆ ಆ ಚಿಕ್ಕಂದಿನ ಹೆಸರು ಕಾಣಿಸಿತು.

"ಕ್ಯಾಪ್ಟನ್: ತುಂಬಾ ಚೆನ್ನಾಗಿದೆ ಭಾವ. ಹತ್ತು ಸಲ ನೋಡ್ದೆ."

ಬೀಗದಣ್ಣ ಅದನ್ನು ಎರಡು ಸಲ ಓದಿದ. ಪಶ್ಚಾತ್ತಾಪ ಪಟ್ಟಿದ್ದಾನೆ ಪಾಪ, ಎಂದುಕೊಂಡ. "ಥ್ಯಾಂಕ್ಸ್ ಕ್ಯಾಪ್ಟನ್" ಎಂದು ಬರೆದ. ತಂಗಿಗೆ ಹೇಳಲಿಲ್ಲ.

ಅದಾದ ಹನ್ನೊಂದನೆಯ ದಿನ, ಭಾನುವಾರ, ಹೊತ್ತು ನೆತ್ತಿಗೆ ಬರುವ ಸಮಯ. ಶಾಲೆಯ ವ್ಯಾನು ಓಡಿಸುವವನು ವ್ಯಾನಿನ ಹಿಂಬಾಗಿಲ ಬೀಗ ಬಿಚ್ಚಿಕೊಂಡು ತಂದಿದ್ದ. ಅವನೂ ಪುಟದ ಓದುಗನೇ. ಜಗಳಗಂಟ ಐನೂರರಲ್ಲಿ ಒಬ್ಬ.

"ಅಲ್ಲಣ್ಣ, ಫೋಟೋ ನೋಡಿ ಕೀ ಮಾಡಬಹುದು ಅಂತ ಬರೆದಿದ್ರಲ್ಲ, ಅದೆಲ್ಲ ಸಿನಿಮಾ ತಾನೆ? ನಿಮ್ಮ ಅಭಿಪ್ರಾಯಕ್ಕೇ ಮೊದಲು ಒಂದು ಬೀಗ ಹಾಕಿ."

"ಸಿನಿಮಾನಾ? ಬಾ ಇಲ್ಲಿ" ಎಂದ ಬೀಗದಣ್ಣ, ಕೈಯ ಎಣ್ಣೆ ಒರೆಸಿಕೊಳ್ಳುತ್ತ. "ಕೀಗೆ ಇರೋದು ಐದೇ ಕಚ್ಚು. ಒಂದೊಂದರ ಆಳ ಗೊತ್ತಾದ್ರೆ ಆಯ್ತು, ಅರ ಹಿಡಿದು ಉಜ್ಜೋದೇ. ಪಕ್ಕದಲ್ಲಿ ಅಳತೆ ಗೊತ್ತಿರೋ ವಸ್ತು ಒಂದಿದ್ರೆ ಇನ್ನೂ ಸಲೀಸು. ಯಾವುದಾದ್ರೂ ಫೋಟೋ ತೋರಿಸ್ತೀನಿ ನೋಡು."

ಕೈಗೆ ಮೊದಲು ಸಿಕ್ಕದ್ದು ತನ್ನದೇ ನೌಕೆಯ ಪಟ. ಎರಡು ಬೆರಳಲ್ಲಿ ಹಿಗ್ಗಿಸಿದ. ನೌಕೆಯ ಮೂತಿ ಪರದೆಯಿಂದಾಚೆ ಸರಿಯಿತು. ಹಿಂದಿನ ಹಲಗೆ ಬಂತು. ಕೊನೆಯ ಮೊಳೆ ಬಂತು. ಮೊಳೆಗೆ ತೂಗಿದ್ದ ಒಂದು ಬೀಗದಕೈ, ಐದು ಕಚ್ಚುಗಳೂ ಬೆಳಕಿಗೆ ಮುಖ ಮಾಡಿಕೊಂಡು, ಎಣಿಸು ಎನ್ನುವಂತೆ ನಿಂತಿತ್ತು. ಪಕ್ಕದಲ್ಲೇ ಇವನ ಉಕ್ಕಿನ ಅಳತೆಪಟ್ಟಿ.

"ಇದ್ಯಾರ ಮನೇದಣ್ಣ?" ಎಂದ ವ್ಯಾನಿನವನು, ನಗುತ್ತಲೇ.

ಬೀಗದಣ್ಣನಿಗೆ ಕಿವಿಯಲ್ಲಿ ನೀರು ಹೊಕ್ಕಂತಾಯಿತು. ಹತ್ತು ಸಲ ನೋಡ್ದೆ. ಕ್ಯಾಪ್ಟನ್ ನೋಡಿದ್ದು ನೌಕೆಯನ್ನಲ್ಲ. ತಂಗಿಯ ಮನೆಯ ವಿಳಾಸವಂತೂ ಅವನಿಗೆ ಗುಟ್ಟಾಗಿರಲಿಲ್ಲ. ಎರಡು ಸಲ ಬಂದು ಬಾಗಿಲು ಬಡಿದು, ಬೈದು, ಬೀಗದ ಮೇಲೆ ಉಗುಳಿ ಹೋಗಿದ್ದ; ಆ ಜಾತಿಯ ಬೀಗದಕೈ ಹಲಗೆಯಲ್ಲಿ ಇದೊಂದೇ. ತಂಗಿ ಒಳಗಿದ್ದಾಗ ಬಂದರೆ ಜೋಡಿ ಬೀಗದಕೈ ಇದ್ದರೂ ನಡೆಯದು. ಅವಳಿಲ್ಲದಾಗ ಬಂದು ಕೂತರೆ? ಭಾನುವಾರ ಲಾಂಡ್ರಿ ಅರ್ಧ ದಿನ. ಹನ್ನೆರಡಕ್ಕೆ ಮನೆಗೆ ಬರುತ್ತಾಳೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂಕಾಲು.

ತಂಗಿಗೆ ಫೋನು ಮಾಡಿದ. ಆರು ಸಲ ಬಡಿದುಕೊಂಡ ಮೇಲೆ ಎತ್ತಿದರು.

"ಬಾ ಭಾವ" ಎಂದಿತು ಕ್ಯಾಪ್ಟನ್ನನ ದನಿ, ಊಟಕ್ಕೆ ಕರೆದಷ್ಟು ಮೆತ್ತಗೆ. "ಇಬ್ಬರೂ ಒಳಗೇ ಇದೀವಿ. ಕೀ ಅರ್ಧ ತಿರುಗಿಸಿದೀನಿ. ನೀನು ಬರೆದಿದ್ದೆಯಲ್ಲ, ಹಾಗೇ."

ವ್ಯಾನು ಓಡಿಸುತ್ತಲೇ ವ್ಯಾನಿನವನು ಫೋನಿನಲ್ಲಿ ಪೋಲೀಸರಿಗೆ ವಿಳಾಸ ಕೂಗಿ ಕೂಗಿ ಹೇಳಿದ. ಬೀಗದಣ್ಣ ಮಕ್ಕಳ ಸೀಟಿನಲ್ಲಿ ಮಂಡಿ ಮಡಚಿಕೊಂಡು ಕೂತು, ಬಾಯಲ್ಲಿ ದೇವರ ಹೆಸರು ಹಿಡಿದಿದ್ದ. ಕೈಯಲ್ಲಿ ಆ ಮೂರನೆಯ ಬೀಗದಕೈ. ಅದು ಉಪಯೋಗಕ್ಕಿಲ್ಲವೆಂದು ಅವನಷ್ಟು ಚೆನ್ನಾಗಿ ಬಲ್ಲವರು ಇನ್ಯಾರು? ಆದರೂ ಹಿಡಿದಿದ್ದ.

ಮೂರನೆಯ ಮಹಡಿಯ ಓಣಿ ಉದ್ದಕ್ಕೆ ಖಾಲಿ. ಎದುರು ಮನೆಯ ಬಾಗಿಲು ಒಂದು ಬೆರಳು ತೆರೆದು ಮತ್ತೆ ಮುಚ್ಚಿಕೊಂಡಿತು. ಬೀಗದಣ್ಣ ಬೀಗದಕೈ ತೂರಿಸಿ ನೋಡಿದ. ಅರ್ಧಕ್ಕೆ ನಿಂತಿತು. ಭುಜದಿಂದ ಗುದ್ದಿದ. ಉಕ್ಕು ಅಲುಗಲಿಲ್ಲ; ಸದ್ದಾದದ್ದು ಇವನ ಮೂಳೆ.

"ಬಂದೆಯಾ ಭಾವ?" ಎಂದ ಕ್ಯಾಪ್ಟನ್ ಒಳಗಿನಿಂದ. "ಸುಮ್ನೆ ಮೈ ನೋಯಿಸ್ಕೋಬೇಡ. ಇವಳು ಮನೆಗೆ ಬರ್ತೀನಿ ಅಂತ ಒಂದು ಮಾತು ಹೇಳಿದ್ರೆ ನಾನೇ ಬಾಗಿಲು ತೆಗೀತೀನಿ. ನೀನೇ ಸಾಕ್ಷಿ. ಏಯ್, ನಿಮ್ಮಣ್ಣನಿಗೆ ಕೇಳೋ ಹಾಗೆ ಹೇಳು. ಬರ್ತೀಯಾ?"

"ಇಲ್ಲ" ಎಂದಳು ತಂಗಿ.

ಆಮೇಲೆ ಏಟಿನ ಸದ್ದು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ.

"ಬರ್ತೀಯಾ?"

"ಇಲ್ಲ."

ಏಟು. ಏನೋ ಮಗುಚಿ ಬಿತ್ತು. ಗಾಜು ಚೂರಾಯಿತು.

"ತಂಗೀ, ಹ್ಞೂಂ ಅನ್ನು! ಬರ್ತೀನಿ ಅನ್ನು, ಬಾಗಿಲು ತೆಗೀಲಿ!" ಎಂದು ಬೀಗದಣ್ಣ ಉಕ್ಕಿಗೆ ಬಾಯಿಟ್ಟು ಕಿರುಚಿದ.

"ಹೂಂ ಅಂದ್ರೆ ಸಾಯಿಸ್ತಾನೆ ಅಣ್ಣ" ಎಂದಳು. ಮಾತು ಆಗಲೇ ತೊದಲುತ್ತಿತ್ತು, ಬಾಯಿ ತುಂಬ ರಕ್ತ ಇಟ್ಟುಕೊಂಡವರ ಮಾತು. "ಹಿಂದೇನೂ ಹೂಂ ಅಂದಿದ್ದೆ."

ಜಗತ್ತಿನ ಯಾವ ಬೀಗದ ಕಸುಬುದಾರನಿಗೂ ದೇವರು ಆ ಗಳಿಗೆಯನ್ನು ಕೊಡದಿರಲಿ. ತಾನೇ ಆಯ್ದ ಬೀಗ, ತಾನೇ ಹಾಕಿದ ತಿರುಪು, ತಾನೇ ಬೆಸೆದ ಚೌಕಟ್ಟು. ಎಲ್ಲಿ ಮುರಿದೀತು ಎಂದು ಹುಡುಕಿದ ಕಣ್ಣಿಗೆ ತನ್ನ ಕೆಲಸದಲ್ಲಿ ಒಂದು ಕೊರತೆಯೂ ಕಾಣಲಿಲ್ಲ. ಕೊರೆಯುವ ಯಂತ್ರ ತಂದರೂ ಕಾಲು ಗಂಟೆ ಬೇಕು. ಒಳಗೆ ಇನ್ನೊಂದು "ಇಲ್ಲ" ಬಂತು, ಇನ್ನೊಂದು ಏಟು ಬಂತು. ಅವಳ "ಇಲ್ಲ" ಕೇಳುವವರೆಗೆ ಅವಳು ಬದುಕಿದ್ದಾಳೆ ಎಂಬುದಷ್ಟೇ ಅವನಿಗೆ ಉಳಿದ ಲೆಕ್ಕ.

ಮುಂದಿನ "ಬರ್ತೀಯಾ?"ಗೆ ಉತ್ತರ ಬರಲಿಲ್ಲ.

ಆ ಮೌನದಲ್ಲಿ ಗಾರೆಯವನ ಮಾತು ನೆನಪಾಯಿತು. ನಗೆಯಾಡಿ ಅಟ್ಟಿದ ಮಾತು, ಬಾಗಿಲಾಚೆ ಕಾದು ಕೂತವರಂತೆ ಎದ್ದು ಬಂತು. ಬೀಗದಣ್ಣ ಚೌಕಟ್ಟಿನ ಪಕ್ಕದ ಗೋಡೆಗೆ ಬೆರಳ ಗಿಣ್ಣಿನಿಂದ ತಟ್ಟಿದ. ಟೊಳ್ಳು.

"ವ್ಯಾನಲ್ಲಿ ಏನಿದೆ?"

"ಜಾಕಿ ಇದೆ. ಚಕ್ರ ಬಡಿಯೋ ದೊಡ್ಡ ಸುತ್ತಿಗೆ ಇದೆ."

"ತಗೊಂಡ್ ಬಾ!"

ವ್ಯಾನಿನವನು ಅಷ್ಟು ದಪ್ಪದ ಮೈ ಹೊತ್ತು ಮೂರು ಮಹಡಿ ಇಳಿದು ಹತ್ತಿದ್ದು ಹೇಗೋ, ಅವನಿಗೂ ಇವತ್ತಿಗೂ ತಿಳಿಯದು. ಮೊದಲ ಏಟು ಅವನೇ ಕೊಟ್ಟ. ಗಿಲಾವು ಹಪ್ಪಳದಂತೆ ಉದುರಿತು. ಬೀಗದಣ್ಣ ಸುತ್ತಿಗೆ ಕಸಿದುಕೊಂಡ. ಎರಡು, ಮೂರು, ನಾಲ್ಕು. ಇಟ್ಟಿಗೆಯ ಚೂರು ಹಾರಿ ಹುಬ್ಬು ಸೀಳಿತು, ರಕ್ತ ಕಣ್ಣಿಗಿಳಿಯಿತು. ಐದು, ಆರು. ಅಂಗೈ ಚರ್ಮ ಸುತ್ತಿಗೆಯ ಹಿಡಿಗೆ ಅಂಟಿಕೊಂಡಿತು. ಎಂಟಕ್ಕೆ ಗೋಡೆಯ ಬುಡದಲ್ಲಿ ಬಿಳಿ ಬೆಳಕಿನ ತೂತು. ಹನ್ನೊಂದಕ್ಕೆ ಒಬ್ಬ ಮನುಷ್ಯ ತಲೆ, ಭುಜ ತೂರಿಸುವಷ್ಟು.

ತೂರಿಸಿದ. ಹಾಗೆ ನುಗ್ಗುವವನು ಮೊದಲು ತಲೆಯನ್ನೇ ಒಪ್ಪಿಸಬೇಕು. ಎದೆಯವರೆಗೆ ಒಳಗೆ, ಸೊಂಟದಿಂದ ಹೊರಗೆ, ಕೈ ಎರಡೂ ಇಟ್ಟಿಗೆಯ ನಡುವೆ. ಕಣ್ಣೆದುರಿಗೇ ನೆಲ. ನೆಲದ ಮೇಲೆ ತಂಗಿ, ಮಗ್ಗುಲಾಗಿ ಬಿದ್ದಿದ್ದಳು. ದವಡೆ ಇರಬೇಕಾದ ಜಾಗದಲ್ಲಿರಲಿಲ್ಲ. ಒಂದು ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದು ಕಣ್ಣು ತೆರೆದಿತ್ತು, ಅಣ್ಣನನ್ನೇ ನೋಡುತ್ತಿತ್ತು.

ಕ್ಯಾಪ್ಟನ್ನನ ಬೂಟು ಬಂತು. ಮೊದಲನೆಯದು ಮೂಗು ಮುರಿಯಿತು. ಎರಡನೆಯದು ಬಾಯಿಗೆ, ಚಿಕ್ಕಂದಿನಲ್ಲಿ ಅರ್ಧ ಉಳಿದಿದ್ದ ಹಲ್ಲಿನ ಇನ್ನರ್ಧವೂ ಹೋಯಿತು. "ಬಾ ಭಾವ, ಬಾ" ಎನ್ನುತ್ತಿದ್ದ ಅವನು, ಪ್ರತಿ ಒದೆತಕ್ಕೂ ಒಂದೊಂದು ಸಲ, ದಾರಿ ತೋರಿಸುವವನಂತೆ. ಆಶ್ಚರ್ಯವೆಂದರೆ ಅವನು ಅಳುತ್ತಿದ್ದ. ಅದೇ ಹಳೆಯ ಅಳು, ಬಿಕ್ಕಿ ಬಿಕ್ಕಿ.

ಮೂರನೆಯ ಒದೆತಕ್ಕೆ ಬೀಗದಣ್ಣನ ಒಂದು ಕೈ ಇಟ್ಟಿಗೆಯಿಂದ ಕಿತ್ತುಬಂತು. ಆ ಕಾಲನ್ನು ತಬ್ಬಿ ಹಿಡಿದ. ಹಿಡಿದವನು ಬಿಡಲಿಲ್ಲ. ಹಲ್ಲು ಮುರಿದ ಬಾಯಲ್ಲೇ ಮೀನಖಂಡ ಕಚ್ಚಿದ. ಕ್ಯಾಪ್ಟನ್ ಬಗ್ಗಿ ಇವನ ಬೆನ್ನಿಗೆ ಮುಷ್ಟಿಯಿಂದ ಗುದ್ದತೊಡಗಿದ, ಲೇತ್ ಕೆಲಸದ ಮುಷ್ಟಿ. ಪಕ್ಕೆಲುಬು ಮುರಿದದ್ದು ಬೀಗದಣ್ಣನಿಗೆ ನೋವಾಗಿ ಅಲ್ಲ, ಸದ್ದಾಗಿ ಕೇಳಿಸಿತು. ಹೊರಗಿನಿಂದ ವ್ಯಾನಿನವನು ಇವನ ಕಾಲುಗಳನ್ನು ಒಳಕ್ಕೆ ತಳ್ಳುತ್ತಿದ್ದ. "ಹಿಡ್ಕೋ ಅಣ್ಣಾ, ಬಿಡಬೇಡ, ಹಿಡ್ಕೋ!"

ಅಷ್ಟರಲ್ಲಿ ತಂಗಿ ಎದ್ದು ಕೂತಳು. ಹೇಗೆ ಎದ್ದಳೋ, ಎದ್ದಳು. ಬಾಗಿಲ ಬುಡದಲ್ಲಿದ್ದ ಹಿತ್ತಾಳೆಯ ಬೀಗಕ್ಕೆ ಕೈ ಚಾಚಿದಳು. ಎಡಗೈಗೆ ಬಲವಿಲ್ಲ, ಎರಡೂ ಕೈಯಲ್ಲಿ ಎತ್ತಿ ಎದೆಗೊತ್ತಿಕೊಂಡಳು. ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಪಳಗಿದ ಭುಜ ಅವಳದು. ಮಂಡಿಯ ಮೇಲೆ ನಿಂತು, ಬಗ್ಗಿದ್ದ ಅವನ ತಲೆಗೆ, ಕಿವಿಯ ಮೇಲುಗಡೆ ಇಳಿಸಿದಳು.

ಹಸಿ ಮರ ಸೀಳಿದ ಹಾಗೆ ಸದ್ದಾಯಿತು. ಕ್ಯಾಪ್ಟನ್ ತಿರುಗಿ ನೋಡಿದ. ಏನೋ ಕೇಳಲು ಬಾಯಿ ತೆರೆದ.

"ಇಲ್ಲ" ಎಂದಳು. ದವಡೆ ಮುರಿದ ಬಾಯಲ್ಲಿ ಅದು ಮಾತಾಗಿ ಬರಲಿಲ್ಲ, ಆದರೆ ಮೂವರಿಗೂ ಕೇಳಿಸಿತು. ಇನ್ನೊಂದು ಸಲ ಇಳಿಸಿದಳು.

ಪೋಲೀಸರು ಬಂದಾಗ ಬಾಗಿಲು ಹಾಕಿಯೇ ಇತ್ತು. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಇನ್ಸ್‌ಪೆಕ್ಟರ್ ಗೋಡೆಯ ತೂತಿನಲ್ಲಿ ಬಗ್ಗಿ ನೋಡಿ, "ಬಾಗಿಲು ಗಟ್ಟಿ ಇದೆಯಲ್ರೀ" ಎಂದ.

ಕ್ಯಾಪ್ಟನ್ ಸಾಯಲಿಲ್ಲ. ಬಲಗಡೆಯ ಮೈ ಬಿದ್ದುಹೋಯಿತು. ಕೂದಲೆಳೆ ಕೊರೆಯುತ್ತಿದ್ದ ಕೈ ಈಗ ಚಮಚವನ್ನೂ ಹಿಡಿಯದು. ಜೈಲಿನ ಆಸ್ಪತ್ರೆಯಲ್ಲಿದ್ದಾನೆ. ಅವನ ಲೆಕ್ಕ ಮೇಲಿನವನಿಗೆ ಬಿಟ್ಟದ್ದು. ತಂಗಿ ಮಾಡಿದ್ದು ಜೀವ ಉಳಿಸಿಕೊಳ್ಳಲು ಎಂದು ಕೋರ್ಟು ಬರೆದುಕೊಂಡಿತು.

ಆಸ್ಪತ್ರೆಯಲ್ಲಿ ಅವಳ ದವಡೆಯನ್ನು ತಂತಿಯಿಂದ ಬಿಗಿದಿದ್ದರು. ಮೂರನೆಯ ದಿನ ಕಾಗದ ಕೇಳಿದಳು. ಬರೆದು ಅಣ್ಣನ ಮುಂದೆ ಹಿಡಿದಳು: "ಅವನಿಗೆ ಕೀ ಹೇಗೆ ಸಿಕ್ತು?"

ಸುಳ್ಳು ಹೇಳಲು ಎಷ್ಟೊಂದು ದಾರಿಗಳಿದ್ದವು. ನಿನ್ನ ಚೀಲದಿಂದ ಕದ್ದಿರಬೇಕು ಎನ್ನಬಹುದಿತ್ತು. ಬೀಗದಣ್ಣ ಫೋನು ತೆಗೆದು ಪಟವನ್ನು ತೋರಿಸಿದ. ಎರಡು ಬೆರಳಲ್ಲಿ ಹಿಗ್ಗಿಸಿ, ನೌಕೆಯನ್ನು ಪಕ್ಕಕ್ಕೆ ಸರಿಸಿ, ಮೊಳೆಯನ್ನು ತೋರಿಸಿದ. ಕೆಳಗಿನ ಮಾತನ್ನೂ ತೋರಿಸಿದ, ತಾನು ಬರೆದ ಥ್ಯಾಂಕ್ಸ್ ಸಮೇತ.

ಅವಳು ಅದರ ತಾರೀಖು ನೋಡಿದಳು. ಆಮೇಲೆ ಬರೆದಳು: "ಹನ್ನೊಂದು ದಿನ ನಂಗೆ ಹೇಳ್ಲಿಲ್ಲ." ಕಾಗದ ಮಡಚಿಟ್ಟು ಗೋಡೆಯ ಕಡೆ ಹೊರಳಿದಳು.

ಬೀಗದಣ್ಣ ಪುಟವನ್ನು ಮುಚ್ಚಿದ. ಮುಚ್ಚುವ ಮೊದಲು ಗಾರೆಯವನಿಗೆ ಒಂದು ಸಾಲು ಬರೆದ: "ಎಂಟಲ್ಲ, ಹನ್ನೊಂದು ಏಟು ಬೇಕಾಯ್ತು. ಕ್ಷಮಿಸಿ." ಆ ಮನುಷ್ಯನಿಗೆ ಏನರ್ಥವಾಯಿತೋ. "ಕಟ್ಟಿದ ಗಾರೆ ಒಳ್ಳೇದಿರಬೇಕು ಬಿಡಿ" ಎಂದು ಉತ್ತರಿಸಿದ. ನೌಕೆಯನ್ನು ಬಿಚ್ಚಿ, ಚಿಲಕ ಚಿಲಕದ ಡಬ್ಬಿಗೆ, ಸ್ಪ್ರಿಂಗು ಸ್ಪ್ರಿಂಗಿನ ಡಬ್ಬಿಗೆ ಹಾಕಿದ.

ನಾಲ್ಕು ತಿಂಗಳ ಮೇಲೆ ತಂಗಿ ಬೇರೆ ಮನೆ ಮಾಡಿದಳು. ವ್ಯಾನಿನವನೇ ಸಾಮಾನು ಸಾಗಿಸಿದ. ಬೀಗದಣ್ಣನಿಗೆ ವಿಳಾಸ ಕೊಟ್ಟವನೂ ಅವನೇ, ಅವಳನ್ನು ಕೇಳಿಕೊಂಡೇ. "ಬೀಗ ಯಾರು ಹಾಕಿದ್ರು?" ಎಂದು ಬೀಗದಣ್ಣ ಕೇಳಿದ. ವ್ಯಾನಿನವನು ಕತ್ತು ಕೆರೆದುಕೊಂಡ. "ಬೇರೆ ಅಂಗಡೀಲಿ ಹಾಕಿಸ್ಕೊಂಡ್ರು ಅಣ್ಣ. ಎರಡೇ ಕೀ. ಎರಡೂ ಅವರ ಹತ್ರಾನೇ."

ಒಂದು ಬೆಳಿಗ್ಗೆ ಬೀಗದಣ್ಣ ಹೋದ. ಕೈ ಬರಿದಾಗಿತ್ತು. ಅಂಗಡಿಯ ಹಲಗೆಯ ಕೊನೆಯ ಮೊಳೆಯೂ ಬರಿದಾಗಿತ್ತು; ಅದನ್ನು ಕೀಳದೆ ಹಾಗೇ ಬಿಟ್ಟಿದ್ದ. ಬಾಗಿಲ ಮುಂದೆ ನಿಂತ. ಅಗ್ಗದ, ಎರಡು ಸುತ್ತಿನ ಬೀಗ. ನೋಡಿದೊಡನೆ ತಿಳಿಯಿತು, ಒಂದು ತಂತಿಯಿದ್ದರೆ ಅರ್ಧ ನಿಮಿಷದ ಕೆಲಸ. ಹೇಳಬೇಕೆನಿಸಿತು. ನಾಲಿಗೆ ಹಲ್ಲಿಲ್ಲದ ಸಂದಿಯನ್ನು ಮುಟ್ಟಿತು. ಸುಮ್ಮನೆ ಬಡಿದ.

"ಯಾರು?"

"ನಾನು, ತಂಗೀ."

"ನಾನು ಅಂದ್ರೆ?"

ಮಾತು ಇನ್ನೂ ಸ್ವಲ್ಪ ವಾಲುತ್ತಿತ್ತು. ಆ ದನಿಯಲ್ಲಿ ಕೋಪವಿತ್ತೋ, ನಗೆಯಿತ್ತೋ, ಹೊರಗಿದ್ದವನಿಗೆ ತಿಳಿಯಲಿಲ್ಲ.

"ನಿಮ್ಮಣ್ಣ. ನೀನು ತೆಗೆದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲೇ ಕೂತಿರ್ತೀನಿ."

ಒಳಗೆ ಹೆಜ್ಜೆಯ ಸದ್ದು ಬಾಗಿಲವರೆಗೆ ಬಂದು ನಿಂತಿತು. ಬೀಗದಣ್ಣ ಮೆಟ್ಟಿಲ ಮೇಲೆ ಕೂತ. ಮುರಿದು ಕೂಡಿದ ಪಕ್ಕೆಲುಬು ಉಸಿರೆಳೆದಾಗ ಚುಚ್ಚುತ್ತಿತ್ತು. ಎಷ್ಟೋ ಹೊತ್ತು ಹಾಗೇ ಕೂತಿದ್ದ. ಬಿಸಿಲು ಒಂದು ಮೆಟ್ಟಿಲು ಇಳಿಯಿತು.

ಆಮೇಲೆ ಬೀಗದೊಳಗೆ ಬೀಗದಕೈ ತೂರಿದ ಸದ್ದಾಯಿತು. ಒಂದು ಸುತ್ತು. ಅಲ್ಲಿಗೇ ನಿಂತಿತು. ಇನ್ನೊಂದು ಸುತ್ತಿಗೆ ಅವನು ಉಸಿರು ಬಿಗಿಹಿಡಿದು ಕಾದ.